ಮೊಬೈಲಿಗೆ ಬರುವ ಕೃಷಿ ಸಂದೇಶಗಳು: ಕಾಳು ಯಾವುದು, ಜೊಳ್ಳು ಯಾವುದು?

ಬೀಜ, ಗೊಬ್ಬರ, ನೀರುಗಳಂತೆ ಸಕಾಲಿಕ ಮಾಹಿತಿಯೂ ಬೇಸಾಯಕ್ಕೆ ಬೇಕಾದ ಒಂದು ಪರಿಕರವೇ ಆಗಿದೆ. ಹಿಂದೆ ಈ ಪರಿಕರದ ಅಭಾವವಿತ್ತು. ಸಂಜೆಯ ಆಕಾಶವಾಣಿ ಕಾರ್ಯಕ್ರಮ, ತಿಂಗಳಿಗೊಮ್ಮೆ ಬರುವ ಪತ್ರಿಕೆ, ಅಪರೂಪಕ್ಕೆ ಊರಿಗೆ ಬರುವ ಗ್ರಾಮಸೇವಕ, ಇಷ್ಟರಿಂದಲೇ ರೈತನು ಹೊಸ ವಿಷಯಗಳನ್ನು ತಿಳಿಯಬೇಕಾಗಿತ್ತು. ಇಂದು ಪರಿಸ್ಥಿತಿ ತಲೆಕೆಳಗಾಗಿದೆ. ವಾಟ್ಸ್‌ಆ್ಯಪ್, ಯೂಟ್ಯೂಬ್, ಫೇಸ್‌ಬುಕ್‌ಗಳ ಮೂಲಕ ಹಗಲು ರಾತ್ರಿ ಸಂದೇಶಗಳು ಬಂದು ಬೀಳುತ್ತಿವೆ. ಹತ್ತು ಗುಂಪುಗಳ ಸದಸ್ಯನಾದ ರೈತನಿಗೆ ಒಂದೊಂದು ಗುಂಪಿನಿಂದ ದಿನಕ್ಕೆ 30 ಸಂದೇಶ ಬಂದರೂ 300 ಆಗುತ್ತದೆ. ಒಂದೊಂದಕ್ಕೆ ಅರ್ಧ ನಿಮಿಷ ಕೊಟ್ಟರೆ ಎರಡೂವರೆ ಗಂಟೆ ಕಳೆಯುತ್ತದೆ. ಅಷ್ಟು ಹೊತ್ತಿನಲ್ಲಿ ಹೊಲವನ್ನು ಒಂದು ಸುತ್ತು ಹಾಕಿ ಬರಬಹುದು.

ಹಾಗೆಂದು ಇವೆಲ್ಲವೂ ನಿಷ್ಪ್ರಯೋಜಕವೆಂದು ದೂರವಿಡುವುದು ಸರಿಯಲ್ಲ. ಕಣದಲ್ಲಿ ಜೊಳ್ಳಿದೆಯೆಂದು ಯಾರೂ ರಾಶಿಯನ್ನೇ ಬಿಟ್ಟು ಬರುವುದಿಲ್ಲ. ತೂರಿ ಕಾಳನ್ನು ಮನೆಗೆ ತರುತ್ತಾರೆ. ಸಂದೇಶಗಳ ವಿಷಯದಲ್ಲೂ ಇದೇ ಕ್ರಮವನ್ನು ಅನುಸರಿಸಬೇಕಾಗಿದೆ.

ನಷ್ಟವೂ ಉಂಟು, ಲಾಭವೂ ಉಂಟು

2020ರ ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ ಕೋಳಿ ಮಾಂಸದಿಂದ ಕೊರೊನಾ ಹರಡುತ್ತದೆಂಬ ಸುಳ್ಳು ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಇದಕ್ಕೆ ಯಾವ ಆಧಾರವೂ ಇರಲಿಲ್ಲ. ಆದರೂ ಜನ ಕೋಳಿ ತಿನ್ನುವುದನ್ನು ಬಿಟ್ಟರು; ಬೆಲೆ ಕುಸಿಯಿತು. ಸಾಕಣೆಯ ಖರ್ಚೂ ಹುಟ್ಟದೆ ಬೆಳಗಾವಿ ಜಿಲ್ಲೆಯಲ್ಲಿ ಜೀವಂತ ಕೋಳಿಗಳನ್ನು ಗುಂಡಿ ತೋಡಿ ಹೂತ ಪ್ರಸಂಗವೂ ನಡೆಯಿತು. ಕೋಳಿ ಆಹಾರಕ್ಕೆ ಬೇಡಿಕೆ ತಗ್ಗಿದ್ದರಿಂದ ಮುಸುಕಿನ ಜೋಳದ ಧಾರಣೆಯೂ ಇಳಿಯಿತು. ಕೋಳಿಯನ್ನೇ ಸಾಕದ ರೈತನೂ ಆ ಸುಳ್ಳಿಗೆ ದಂಡ ತೆತ್ತನು.

ಇದಕ್ಕೆ ವಿರುದ್ಧವಾದ ನಿದರ್ಶನ ಮರುವರ್ಷವೇ ಸಿಕ್ಕಿತು. 2021ರಲ್ಲಿ ಬಾಳೆಕಾಯಿಗೆ ಬೆಲೆಯಿಲ್ಲದಿದ್ದಾಗ ಪುತ್ತೂರಿನ 'ಅಡಿಕೆ ಪತ್ರಿಕೆ'ಯು ವಾಟ್ಸ್‌ಆ್ಯಪ್ ಗುಂಪುಗಳ ಮೂಲಕ ಬಾಳೆಕಾಯಿ ಹುಡಿ ತಯಾರಿಕೆಯ ಪ್ರಚಾರವನ್ನು ಕೈಗೊಂಡಿತು. 'ಬಾಕಾಹು' ಎಂಬ ಚಿಕ್ಕ ಹೆಸರಿನಿಂದ ಅದು ಜನಪ್ರಿಯವಾಯಿತು. ಬಾಳೆಕಾಯಿಯನ್ನು ಹೆಚ್ಚಿ, ಒಣಗಿಸಿ, ಹುಡಿ ಮಾಡುವ ಸರಳ ವಿಧಾನವನ್ನು ಉತ್ತರ ಕನ್ನಡ, ದಕ್ಷಿಣ ಕನ್ನಡ ಜಿಲ್ಲೆಗಳ ಮನೆಗಳಲ್ಲಿ ಮಾಡಿ ನೋಡಿದರು. ದೋಸೆ, ಜಾಮೂನುಗಳನ್ನು ಮಾಡಿ ಚಿತ್ರಗಳನ್ನು ಹಂಚಿಕೊಂಡರು.

ಸಾಧನವು ಎರಡೂ ಸಂದರ್ಭಗಳಲ್ಲಿ ಒಂದೇ. ವ್ಯತ್ಯಾಸವೆಲ್ಲಿ? ಮೊದಲನೆಯದರಲ್ಲಿ ಹೇಳಿದವರು ಯಾರೆಂದು ಯಾರಿಗೂ ತಿಳಿದಿರಲಿಲ್ಲ, ಪರೀಕ್ಷಿಸಿ ನೋಡಿದವರೂ ಇರಲಿಲ್ಲ. ಎರಡನೆಯದರಲ್ಲಿ ವಿಷಯ ಒಂದೇ ಆಗಿತ್ತು, ಹೇಳುವವರ ಗುರುತಿತ್ತು, ಮಾಡಿ ನೋಡಿದವರ ಅನುಭವ ಅಲ್ಲಿಯೇ ಸಿಗುತ್ತಿತ್ತು.

ಸಂದೇಶಕ್ಕೆ ನಾಲ್ಕು ಪ್ರಶ್ನೆಗಳು

ಬೀಜದ ಚೀಲ ಕೊಳ್ಳುವಾಗ ತಳಿಯ ಹೆಸರು, ಪರೀಕ್ಷೆಯ ದಿನಾಂಕ, ಮೊಳಕೆ ಪ್ರಮಾಣಗಳನ್ನು ಚೀಟಿಯಲ್ಲಿ ಓದುತ್ತೇವೆ. ಚೀಟಿಯಿಲ್ಲದ ಬೀಜವನ್ನು ಬಿತ್ತುವುದಿಲ್ಲ. ಕೃಷಿ ಸಂದೇಶಕ್ಕೂ ಇಂಥ ಚೀಟಿ ಇರಬೇಕು.

1. ಹೇಳಿದವರು ಯಾರು? ಸಂಸ್ಥೆಯ ಅಥವಾ ವ್ಯಕ್ತಿಯ ಹೆಸರಿಲ್ಲದ ಸಲಹೆಯನ್ನು ಕೈಬಿಡಿ. ಬೇರೆಡೆಯಿಂದ ಬಂದ ಸಂದೇಶಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಬಾಣದ ಗುರುತಿರುತ್ತದೆ. ಜೋಡಿ ಬಾಣವಿದ್ದರೆ ಅದು ಐದು ಅಥವಾ ಅದಕ್ಕಿಂತ ಹೆಚ್ಚು ಸಲ ಕೈ ಬದಲಿಸಿ ಬಂದಿದೆಯೆಂದು ಅರ್ಥ. ಅದು ಸುಳ್ಳೇ ಆಗಬೇಕೆಂದಿಲ್ಲ; ಆದರೆ ಮೂಲವನ್ನು ವಿಚಾರಿಸಲೇಬೇಕು.

2. ಯಾವ ಊರಿನ ಮಾತು? ಪಂಜಾಬಿನ ನೀರಾವರಿ ಗೋಧಿಗೆ ಹೇಳಿದ ಮಾತು ಧಾರವಾಡದ ಕಪ್ಪು ಮಣ್ಣಿನ ಹಿಂಗಾರಿ ಗೋಧಿಗೆ ಹೊಂದದು. ಮಣ್ಣು, ಮಳೆ, ತಳಿ ಈ ಮೂರೂ ಗೊತ್ತಾಗದ ಹೊರತು ಇಳುವರಿಯ ಅಂಕಿಯನ್ನು ನಂಬಬಾರದು.

3. ಯಾವಾಗ ಹೇಳಿದ್ದು? ಹಳೆಯ ಸಂದೇಶಗಳು ವರ್ಷಗಟ್ಟಲೆ ಸುತ್ತುತ್ತಿರುತ್ತವೆ. ಎಂಡೋಸಲ್ಫಾನ್ 2011ರಲ್ಲಿಯೇ ನಿಷೇಧವಾಗಿದೆ. ಫೋರೇಟ್, ಟ್ರೈಜೋಫಾಸ್‌ಗಳನ್ನು 2020ರ ಡಿಸೆಂಬರ್ 31ರಿಂದ ನಿಷೇಧಿಸಲಾಗಿದೆ. ಇವುಗಳನ್ನು ಬಳಸಲು ಹೇಳುವ ಸಂದೇಶ ಬಂದರೆ ಅದರ ವಯಸ್ಸು ತಾನೇ ತಿಳಿಯುತ್ತದೆ.

4. ಅಳತೆ ಎಷ್ಟು? 'ಒಂದು ಮುಚ್ಚಳ', 'ಸ್ವಲ್ಪ', 'ಒಂದು ಹಿಡಿ' ಎಂಬುವು ಅಳತೆಗಳಲ್ಲ. ಔಷಧಿಯ ಹೆಸರಿನೊಂದಿಗೆ ಅದರ ಶಕ್ತಿಯೂ ಇರಬೇಕು. ಎಮಾಮೆಕ್ಟಿನ್ ಬೆಂಜೋಯೇಟ್ ಶೇ. 5ರ ಹರಳಿನ ರೂಪದಲ್ಲಿಯೂ ಶೇ. 1.9ರ ದ್ರವ ರೂಪದಲ್ಲಿಯೂ ದೊರೆಯುತ್ತದೆ. ಒಂದರ ಪ್ರಮಾಣ ಇನ್ನೊಂದಕ್ಕೆ ಸಲ್ಲದು.

ಕೈ ಬದಲಿದಂತೆ ಅಳತೆಯೂ ಬದಲುತ್ತದೆ

ಸಂದೇಶವು ಕೈಯಿಂದ ಕೈಗೆ ಹೋಗುವಾಗ ಹೆಚ್ಚಾಗಿ ಕೆಡುವುದು ಅಳತೆಯೇ. ಒಂದು ಉದಾಹರಣೆ ನೋಡೋಣ. ಮೂಲ ಶಿಫಾರಸು 'ಹೆಕ್ಟೇರಿಗೆ 100 ಕಿ.ಗ್ರಾಂ ಸಾರಜನಕ' ಎಂದಿದೆಯೆನ್ನಿ. ಹೆಕ್ಟೇರೆಂದರೆ ಸುಮಾರು ಎರಡೂವರೆ ಎಕರೆ. ಆದ್ದರಿಂದ ಎಕರೆಗೆ 40 ಕಿ.ಗ್ರಾಂ ಸಾರಜನಕ. ಯೂರಿಯಾದಲ್ಲಿ ಶೇ. 46 ಸಾರಜನಕವಿರುವುದರಿಂದ ಯೂರಿಯಾ ಒಂದರಿಂದಲೇ ಒದಗಿಸುವುದಾದರೆ ಎಕರೆಗೆ ಸುಮಾರು 87 ಕಿ.ಗ್ರಾಂ ಬೇಕು. ಯಾರೋ ಒಬ್ಬರು ಹೆಕ್ಟೇರನ್ನು ಎಕರೆಯೆಂದು ಬರೆದರೆ ಯೂರಿಯಾ 217 ಕಿ.ಗ್ರಾಂ ಆಗುತ್ತದೆ. ಹಣ ಪೋಲಾಗುವುದಲ್ಲದೆ ಬೆಳೆ ಸೊಕ್ಕಿ ಬೆಳೆದು, ನೆಲಕ್ಕೆ ಒರಗಿ, ಕೀಟರೋಗಗಳಿಗೆ ತುತ್ತಾಗುತ್ತದೆ. ಆದ್ದರಿಂದ ಎಕರೆಯೋ ಹೆಕ್ಟೇರೋ, ಪೋಷಕಾಂಶವೋ ಗೊಬ್ಬರವೋ ಎಂಬುದನ್ನು ಮೊದಲು ನೋಡಿ, ಕಾಗದದ ಮೇಲೆ ಲೆಕ್ಕ ಹಾಕಿ.

ಚಿತ್ರ ನೋಡಿ ಔಷಧಿ ಹೊಡೆಯಬೇಡಿ

ಮುಸುಕಿನ ಜೋಳದ ಫಾಲ್ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದಲ್ಲಿ. ಇಂಥ ಹೊಸ ಪೀಡೆ ಬಂದಾಗ ಮೊಬೈಲಿನ ಚಿತ್ರವು ಬಹು ಉಪಯುಕ್ತ. ಆದರೆ ಚಿತ್ರವು ಸುಳಿವು ಮಾತ್ರ. ಹೊಲಕ್ಕೆ ಹೋಗಿ ಸುಳಿಯನ್ನು ಬಿಡಿಸಿ ಹುಳುವನ್ನು ಹಿಡಿದು ನೋಡಬೇಕು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರದಂಥ ಬಿಳಿ ಗೆರೆ, ಬಾಲದ ಸಮೀಪದ ಖಂಡದ ಮೇಲೆ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆಗಳು, ಇವೆರಡೂ ಇದ್ದರೆ ಮಾತ್ರ ಅದು ಫಾಲ್ ಸೈನಿಕ ಹುಳು. ಆಗ ಶೇ. 5ರ ಎಮಾಮೆಕ್ಟಿನ್ ಬೆಂಜೋಯೇಟ್ ಹರಳನ್ನು ಲೀಟರ್ ನೀರಿಗೆ 0.4 ಗ್ರಾಂನಂತೆ ಬೆರೆಸಿ ಸುಳಿಯೊಳಗೆ ಬೀಳುವಂತೆ ಸಿಂಪಡಿಸಬಹುದು. ಈ ಗುರುತುಗಳಿಲ್ಲದ ಹುಳುವಿಗೆ ಇದೇ ಔಷಧಿ ಸುರಿದರೆ ಖರ್ಚು ಮಾತ್ರ ಉಳಿದೀತು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಹಿರಿಯರ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಕೇಳುವ ಕ್ರಮ

ಗುಂಪಿನಿಂದ ಹೆಚ್ಚಿನ ಪ್ರಯೋಜನ ಪಡೆಯುವವರು ಹೆಚ್ಚು ಓದುವವರಲ್ಲ, ಸರಿಯಾಗಿ ಕೇಳುವವರು. 'ಎಲೆ ಹಳದಿಯಾಗಿದೆ, ಔಷಧಿ ಹೇಳಿ' ಎಂದರೆ ಹತ್ತು ಮಂದಿ ಹತ್ತು ಔಷಧಿ ಹೇಳುತ್ತಾರೆ. ಹಳದಿಯಾಗಲು ಸಾರಜನಕದ ಕೊರತೆ, ಕಬ್ಬಿಣದ ಕೊರತೆ, ನಿಂತ ನೀರು, ನಂಜುರೋಗ ಯಾವುದೂ ಕಾರಣವಿರಬಹುದು. ಪ್ರಶ್ನೆಯ ಜೊತೆಯಲ್ಲಿ ಈ ವಿವರಗಳಿರಲಿ:

• ಇಡೀ ಗಿಡದ ಒಂದು ಚಿತ್ರ, ಎಲೆಯ ಮೇಲ್ಭಾಗ ಮತ್ತು ಕೆಳಭಾಗದ ಒಂದೊಂದು ಚಿತ್ರ.
• ಬೆಳೆ, ತಳಿ, ಬಿತ್ತಿದ ದಿನಾಂಕ, ಮಣ್ಣಿನ ಬಗೆ.
• ಹಳೆಯ ಎಲೆ ಹಳದಿಯಾಗಿದೆಯೋ, ಹೊಸ ಎಲೆಯೋ; ಹೊಲವೆಲ್ಲ ಹಾಗಿದೆಯೋ, ಅಲ್ಲಲ್ಲಿಯೋ.
• ಹಿಂದಿನ 15 ದಿನಗಳಲ್ಲಿ ಹಾಕಿದ ಗೊಬ್ಬರ, ಹೊಡೆದ ಔಷಧಿ, ಬಿದ್ದ ಮಳೆ.

ಪರಿಹಾರ ಫಲಿಸಿದರೂ ಫಲಿಸದಿದ್ದರೂ ಹತ್ತು ದಿನಗಳ ನಂತರ ಅದೇ ಗುಂಪಿನಲ್ಲಿ ತಿಳಿಸಿ. ನೂರು ಶುಭಾಶಯಗಳಿಗಿಂತ ಇಂಥ ಒಂದು ವರದಿ ನೆರೆಯ ರೈತನಿಗೆ ಹೆಚ್ಚು ಬೆಲೆಯುಳ್ಳದ್ದು.

ಅನುಸರಿಸಬೇಕಾದ ಕ್ರಮಗಳು

• ನಿಮ್ಮ ಬೆಳೆ, ನಿಮ್ಮ ಜಿಲ್ಲೆಗೆ ಸಂಬಂಧಿಸಿದ ಎರಡು ಮೂರು ಗುಂಪುಗಳನ್ನು ಉಳಿಸಿಕೊಂಡು ಮಿಕ್ಕವುಗಳ ಸದ್ದನ್ನು ಅಡಗಿಸಿ.
• ಮೊಬೈಲಿಗೆ ಹೊತ್ತು ಗೊತ್ತು ಮಾಡಿ: ಬೆಳಿಗ್ಗೆ ಹವಾಮಾನಕ್ಕೆ, ಸಂಜೆ ಧಾರಣೆಗೆ.
• ಮಳೆಯ ಮುನ್ಸೂಚನೆಯನ್ನು ಹಂಚಿಬಂದ ಸಂದೇಶದಿಂದಲ್ಲದೆ, ಭಾರತ ಹವಾಮಾನ ಇಲಾಖೆಯ ಪ್ರಕಟಣೆಯಿಂದಲೇ ಪಡೆಯಿರಿ.
• ಉಪಯುಕ್ತವೆನಿಸಿದ್ದನ್ನು ಅಂದೇ ಪುಸ್ತಕದಲ್ಲಿ ಬೆಳೆವಾರು ಬರೆದಿಡಿ. ದಿನಾಂಕವನ್ನೂ ಹೇಳಿದವರ ಹೆಸರನ್ನೂ ಸೇರಿಸಿ. ಮೊಬೈಲಿನಲ್ಲಿ ಕಂಡದ್ದು ಮರುದಿನ ಹುಡುಕಿದರೆ ಸಿಗುವುದಿಲ್ಲ.
• ಹೊಸ ವಿಧಾನವನ್ನು ಒಂದು ಗುಂಟೆಯಲ್ಲಿ ಮಾತ್ರ ಪ್ರಯೋಗಿಸಿ; ಪಕ್ಕದ ಗುಂಟೆಯನ್ನು ವಾಡಿಕೆಯಂತೆ ಬಿಟ್ಟು ಎರಡರ ಇಳುವರಿಯನ್ನೂ ತೂಗಿ. ಹೋದರೆ ಎಕರೆಯ ನಲವತ್ತನೆಯ ಒಂದು ಪಾಲು ಹೋದೀತು.
• ಸಂಶಯ ಬಂದರೆ ಕೃಷಿ ವಿಜ್ಞಾನ ಕೇಂದ್ರವನ್ನು, ರೈತ ಸಂಪರ್ಕ ಕೇಂದ್ರವನ್ನು ವಿಚಾರಿಸಿ. 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿನ ಉಚಿತ ದೂರವಾಣಿ 1800-180-1551ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.
• ನಾಲ್ಕು ಪ್ರಶ್ನೆಗಳಿಗೆ ಉತ್ತರವಿಲ್ಲದ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ.

ಈ ಕೊನೆಯ ಮಾತನ್ನು ವಿಶೇಷವಾಗಿ ಗಮನಿಸಬೇಕು. ಒಬ್ಬರ ಬದುವಿನಲ್ಲಿ ಬೀಜ ಕಟ್ಟಲು ಬಿಟ್ಟ ಕಳೆ ನೆರೆಹೊಲಕ್ಕೂ ಹಬ್ಬುತ್ತದೆ. ಸುಳ್ಳು ಸಂದೇಶವೂ ಹಾಗೆಯೇ. ಅದನ್ನು ತನ್ನ ಕೈಯಲ್ಲಿಯೇ ತಡೆದ ರೈತನು ತನ್ನ ಹೊಲವನ್ನಷ್ಟೇ ಅಲ್ಲದೆ ಊರಿನ ಹೊಲಗಳನ್ನೂ ಕಾಯ್ದಂತೆ. ರೈತ ಬಾಂಧವರು ಈ ಹಂಗಾಮಿನಿಂದಲೇ ಈ ಕ್ರಮಗಳನ್ನು ರೂಢಿಗೆ ತಂದರೆ ಕೈಯಲ್ಲಿರುವ ಮೊಬೈಲು ನೇಗಿಲಿನಷ್ಟೇ ಉಪಯುಕ್ತ ಸಾಧನವಾಗುವುದರಲ್ಲಿ ಸಂದೇಹವಿಲ್ಲ.