ಒಂದು ಗೊಂಬೆಗೆ ಎಷ್ಟು ಕೈಗಳು?

ಕ್ರಿಸ್ಮಸ್ ಹತ್ತಿರವಾದಂತೆ ನಮ್ಮ ಚರ್ಚುಗಳಲ್ಲಿ ಗೋದಲಿಗಳು ಸಿದ್ಧವಾಗುತ್ತವೆ. ಹುಲ್ಲಿನ ಕೊಟ್ಟಿಗೆ, ಬಾಲಯೇಸು, ಮರಿಯ, ಜೋಸೆಫ್, ನಾಲ್ಕಾರು ಕುರಿಗಳು, ಇಷ್ಟಿದ್ದರೆ ಸಾಕು. ಇದೇ ಪುಟ್ಟ ದೃಶ್ಯವನ್ನು ಇಟಲಿಯ ನೇಪಲ್ಸ್ ನಗರವು ಹದಿನೆಂಟನೆಯ ಶತಮಾನದಲ್ಲಿ ಇಡೀ ಒಂದು ಊರಾಗಿ ಹಿಗ್ಗಿಸಿತು. 1734ರಲ್ಲಿ ಪಟ್ಟಕ್ಕೆ ಬಂದ ಬೂರ್ಬನ್ ದೊರೆ ಚಾರ್ಲ್ಸ್‌ನಿಗೆ ಇದರ ಗೀಳು. ದೊರೆಗೆ ಹತ್ತಿದ ಗೀಳು ಶ್ರೀಮಂತರನ್ನು ಬಿಟ್ಟೀತೆ?

ಅರ್ಥಶಾಸ್ತ್ರ ಓದಿದ ನನ್ನನ್ನು ಸೆಳೆಯುವುದು ಈ ಗೊಂಬೆಗಳ ಹಿಂದಿನ ಶ್ರಮವಿಭಜನೆ. ಪ್ರಮುಖ ಗೊಂಬೆಗಳ ಎತ್ತರ ಒಂದಡಿಗೆ ತುಸು ಹೆಚ್ಚು. ತಲೆ ಸುಟ್ಟ ಮಣ್ಣಿನದು, ಕಣ್ಣು ಗಾಜಿನದು, ಕೈಕಾಲು ಮರದ ಕೆತ್ತನೆ. ಮೈ ಎಂಬುದು ಬರಿಯ ತಂತಿ, ಅದರ ಮೇಲೆ ಬಿಗಿಯಾಗಿ ಸುತ್ತಿದ ನಾರು. ಕುಶಲತೆಯ ಗುಟ್ಟು ಇರುವುದು ಇಲ್ಲಿಯೇ. ತಂತಿ ಬಾಗುವುದರಿಂದ ಈ ವರ್ಷ ಮಂಡಿಯೂರಿದವನನ್ನು ಮುಂದಿನ ವರ್ಷ ಹೊರೆಯಾಳಾಗಿ ನಿಲ್ಲಿಸಬಹುದು. ಅನಂತರ ಉಡುಪು. ಬಟ್ಟೆಯ ಹೂಬಳ್ಳಿಯೂ ಗೊಂಬೆಯ ಅಳತೆಗೆ ಕಿರಿದಾಗಿರಬೇಕು. ನಮ್ಮ ದಸರಾ ಗೊಂಬೆಗಳಿಗೆ ಹಳೆಯ ಸೀರೆಯ ತುಂಡು ಉಡಿಸಿದವರು ಈ ಕಷ್ಟವನ್ನು ಬಲ್ಲರು. ಮೇಣದ ಹಣ್ಣು, ಮೀನಿನ ಬುಟ್ಟಿ, ಬೆಳ್ಳಿಯ ಒಡವೆ, ಬೆರಳುದ್ದದ ವಾದ್ಯ, ಇವಕ್ಕೆಲ್ಲ ಬೇರೆಬೇರೆ ಕುಶಲಿಗಳು.

ಇದೇ ನಗರದ ವಿಶ್ವವಿದ್ಯಾಲಯದಲ್ಲಿ 1754ರಲ್ಲಿ ಆಂಟೋನಿಯೋ ಜೆನೊವೇಸಿ ವಾಣಿಜ್ಯಶಾಸ್ತ್ರದ ಪೀಠವೇರಿದರು. 1776ರಲ್ಲಿ ಆಡಂ ಸ್ಮಿತ್ ಗುಂಡುಸೂಜಿಯ ಉದಾಹರಣೆಯಿಂದ ಶ್ರಮವಿಭಜನೆಯನ್ನು ವಿವರಿಸಿದರು. ಅದು ದುಡಿಯುವವನ ಬುದ್ಧಿಯನ್ನು ಮಂಕಾಗಿಸೀತೆಂದೂ ಎಚ್ಚರಿಸಿದರು. ಗೊಂಬೆಯ ಕೆಲಸದಲ್ಲಾದರೋ ಪ್ರತಿ ತುಂಡೂ ಒಂದು ಪೂರ್ಣ ವಿದ್ಯೆ. ಆದರೂ ಕೀರ್ತಿ ಸಮನಾಗಿ ಹಂಚಿಕೆಯಾಗಲಿಲ್ಲ. 1753ರಲ್ಲಿ 'ಮುಸುಕಿನ ಕ್ರಿಸ್ತ'ನನ್ನು ಅಮೃತಶಿಲೆಯಲ್ಲಿ ಕಡೆದ ಜುಸೆಪ್ಪೆ ಸಾಮ್ಮಾರ್ತಿನೋ ಈ ಗೊಂಬೆಗಳನ್ನೂ ರೂಪಿಸಿದ. ಅವನ ಹೆಸರು ಉಳಿಯಿತು. ನಾರು ಸುತ್ತಿದವರು, ಸೂಜಿ ಹಿಡಿದವರು ಬಹುಪಾಲು ಅನಾಮಿಕರು.

ಮಿಕೆಲೆ ಕುಚಿನಿಯೆಲ್ಲೋ ದಾನವಿತ್ತ ಸಂಗ್ರಹದಿಂದ ರೂಪಿಸಿದ ಬೃಹತ್ ಗೋದಲಿಯನ್ನು 1879ರಲ್ಲಿ ನೇಪಲ್ಸಿನ ಸಾನ್ ಮಾರ್ತಿನೋ ವಸ್ತುಸಂಗ್ರಹಾಲಯದಲ್ಲಿ ಜನರಿಗೆ ತೆರೆಯಲಾಯಿತು. ಪಾಳುಬಿದ್ದ ರೋಮನ್ ದೇಗುಲದಲ್ಲಿ ದೇವಶಿಶು, ಒಂದು ಬದಿಗೆ ಗಿಜಿಗುಡುವ ಪಾನಗೃಹ. ಭಕ್ತಿಗಿಂತ ಆಡಂಬರವೇ ಹೆಚ್ಚಾಯಿತೆಂಬ ಆಕ್ಷೇಪವನ್ನು ನಾನು ಒಪ್ಪಲಾರೆ. ಬಡವರ ಬೀದಿಗೆ ಅರಮನೆಯೊಳಗೆ ಪ್ರವೇಶ ದೊರೆತದ್ದು ಇಂಥ ಗೊಂಬೆಗಳ ಮೂಲಕವೇ ಅಲ್ಲವೆ?

ಈ ಕಸುಬಿನ ಸಾನ್ ಗ್ರೆಗೋರಿಯೋ ಅರ್ಮೇನೋ ಬೀದಿಯಲ್ಲಿ ಇಂದು ಫುಟ್‌ಬಾಲ್ ಆಟಗಾರ ಮರಡೋನಾನ ಗೊಂಬೆಯೂ ಸಿಗುತ್ತದೆ. ಅದರ ಬಗ್ಗೆ ನನಗೆ ತಕರಾರಿಲ್ಲ. ಅಚ್ಚಿನಲ್ಲಿ ಎರಕಹೊಯ್ದ ಗೊಂಬೆಯ ಪಕ್ಕದಲ್ಲಿ, ಐದಾರು ಕೈಗಳ ಕೂಲಿ ಕೂಡಿದ ಗೊಂಬೆಗೆ ಗಿರಾಕಿ ಎಷ್ಟು ಕೊಟ್ಟಾನು?