ಕಾರ್ಡ್ ವಂಚನೆ: ನಷ್ಟದ ಹೊಣೆ ಯಾರದು?

ಮೂರು ದಶಕಗಳ ಸರ್ಕಾರಿ ಸೇವೆಯಲ್ಲಿ ಕಡತವನ್ನು ಎರಡು ಬಾರಿ ಓದದೆ ಸಹಿ ಹಾಕಿದವನಲ್ಲ ನಾನು. ಅಂಥ ನಾನೇ ಕೆಲವು ವರ್ಷಗಳ ಹಿಂದೆ, ಬ್ಯಾಂಕಿನವನೆಂದು ಪರಿಚಯಿಸಿಕೊಂಡ ವಿನಯದ ದನಿಯೊಂದನ್ನು ನಂಬಿ, ಕಾರ್ಡಿನ ವಿವರಗಳ ಜೊತೆಗೆ ಮೊಬೈಲಿಗೆ ಬಂದ ಒಟಿಪಿಯನ್ನೂ ಹೇಳಿಬಿಟ್ಟೆ. ಹದಿನೆಂಟು ಸಾವಿರ ರೂಪಾಯಿ ಹೋಯಿತು. ನಾಚಿಕೆಯಿಂದ ಎರಡು ದಿನ ಯಾರಿಗೂ ಹೇಳಲಿಲ್ಲ. ಕೊನೆಗೆ ದೂರಿತ್ತಾಗ ಬ್ಯಾಂಕಿನ ಉತ್ತರ ಒಂದೇ ಸಾಲಿನದು: ‘ಒಟಿಪಿ ಕೊಟ್ಟವರು ನೀವೇ ಅಲ್ಲವೇ?’

ತಾಂತ್ರಿಕ ಭದ್ರತೆಯಲ್ಲಿ ನಾವು ಹಿಂದುಳಿದಿಲ್ಲ. ಆನ್‌ಲೈನ್ ಕಾರ್ಡ್ ಪಾವತಿಗೆ ಹೆಚ್ಚುವರಿ ದೃಢೀಕರಣವನ್ನು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಲ್ಲೇ ಕಡ್ಡಾಯಗೊಳಿಸಿತು. 2022ರ ಅಕ್ಟೋಬರ್ 1ರಿಂದ ವ್ಯಾಪಾರಿ ತಾಣಗಳು ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ಸಂಗ್ರಹಿಸಿಡುವಂತಿಲ್ಲ. ಅದರ ಬದಲು ಟೋಕನ್ ಬಳಸಬೇಕು. ಆದರೆ ಬೀಗ ಗಟ್ಟಿಯಾದಷ್ಟೂ ಕಳ್ಳನು ಮನೆಯೊಡೆಯನಿಂದಲೇ ಬಾಗಿಲು ತೆಗೆಸುವ ಉಪಾಯ ಹೂಡುತ್ತಾನೆ.

2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ಬ್ಯಾಂಕಿನದೂ ಗ್ರಾಹಕನದೂ ಅಲ್ಲದ ಲೋಪದಿಂದ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ. ಗ್ರಾಹಕನ ‘ನಿರ್ಲಕ್ಷ್ಯ’ವಾದರೆ ಮಾತ್ರ, ದೂರು ಕೊಡುವವರೆಗಿನ ನಷ್ಟವೆಲ್ಲ ಅವನದೇ. ನಂಬಿ ಮೋಸಹೋದ ನನ್ನನ್ನೂ ಬ್ಯಾಂಕು ಇದೇ ಸಾಲಿಗೆ ಸೇರಿಸಿತು.

ನಷ್ಟವನ್ನು ಕಡಿಮೆ ಖರ್ಚಿನಲ್ಲಿ ತಡೆಯಬಲ್ಲವರ ಮೇಲೆ ಹೊಣೆಯಿರಬೇಕೆಂಬುದು ಅರ್ಥಶಾಸ್ತ್ರದ ವಿವೇಕ. ನನ್ನ ಖರ್ಚಿನ ವಾಡಿಕೆ ಬ್ಯಾಂಕಿನ ಗಣಕಕ್ಕೆ ಗೊತ್ತು. ಅಸಹಜ ಪಾವತಿಯನ್ನು ಅರೆಗಳಿಗೆ ತಡೆಹಿಡಿಯುವ ಶಕ್ತಿಯೂ ಅದಕ್ಕಿದೆ. ನಷ್ಟ ತನ್ನದಲ್ಲವೆಂದಾದರೆ ಆ ಶಕ್ತಿಯನ್ನು ಬಳಸುವ ತುರ್ತು ಅದಕ್ಕೇಕೆ? ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ, ವಂಚಕರನ್ನು ನಂಬಿ ತಾವಾಗಿಯೇ ಹಣ ವರ್ಗಾಯಿಸಿದವರಿಗೂ 85,000 ಪೌಂಡ್‌ವರೆಗೆ ಪರಿಹಾರವುಂಟು. ಕಳುಹಿಸಿದ ಮತ್ತು ಸ್ವೀಕರಿಸಿದ ಸಂಸ್ಥೆಗಳು ಅದನ್ನು ಸಮನಾಗಿ ಭರಿಸಬೇಕು. ಆ ನಿಯಮ ಖಾತೆಯಿಂದ ಖಾತೆಗೆ ಹೋಗುವ ಹಣಕ್ಕೆ ಸಂಬಂಧಿಸಿದ್ದು, ಕಾರ್ಡ್ ಪಾವತಿಗಲ್ಲ. ಅದರ ತತ್ತ್ವ ಮಾತ್ರ ಇಲ್ಲಿಗೂ ಒಪ್ಪುತ್ತದೆ.

ಹೀಗಾದರೆ ಗ್ರಾಹಕ ಮೈಮರೆಯುತ್ತಾನೆಂಬ ಆಕ್ಷೇಪವನ್ನು ತಳ್ಳಿಹಾಕಲಾರೆ. ಅದಕ್ಕೆಂದೇ ನಷ್ಟದ ಒಂದು ಸಣ್ಣ ಪಾಲು ಅವನ ಮೇಲಿರಲಿ. ಇಡೀ ಹೊರೆ ಬೇಡ.

ಓದುಗರಲ್ಲಿ ನನ್ನದೊಂದು ಅರಿಕೆ. ಮೋಸಹೋದಿರೆಂದು ತಿಳಿದ ಕ್ಷಣವೇ ಬ್ಯಾಂಕಿಗೂ 1930 ಸಂಖ್ಯೆಗೂ ಕರೆ ಮಾಡಿ. ನಾಚಿಕೆಪಡಬೇಕಾದವನು ಮೋಸ ಮಾಡಿದವನು. ಇಷ್ಟನ್ನು ಅರಿಯಲು ನನಗೆ ಎರಡು ದಿನ ಬೇಕಾಯಿತು. ವಂಚಕನಿಗೆ ಬೇಕಿದ್ದುದೂ ಆ ಎರಡು ದಿನಗಳೇ.