ಗಾಡಿಯ ಬೆನ್ನಿಗೊಂದು ಅಡಿಗೆಮನೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಿಂದ ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೊರಡುತ್ತಿದ್ದ ಕಮಾನು ಗಾಡಿಗಳು ಬರಿಯ ವಾಹನಗಳಾಗಿರಲಿಲ್ಲ. ಒಂದು ಸಂಸಾರಕ್ಕೆ ಬೇಕಾದುದೆಲ್ಲ ಅವುಗಳಲ್ಲಿರುತ್ತಿತ್ತು. ತಿಪಟೂರಿನಿಂದ ದಾರಿ ಸುಮಾರು 70 ಕಿ.ಮೀ. ತಂಗಿದೆಡೆಯಲ್ಲಿ ಮೂರು ಕಲ್ಲು ಹೂಡಿ, ಒಣಗಿದ ಗರಿಗೆ ಬೆಂಕಿ ಹಚ್ಚಿ, ಮೇಲೆ ನಾಲ್ಕು ತೆಂಗಿನ ಚಿಪ್ಪು ಹಾಕಿದರೆ ಮುದ್ದೆಯ ಎಸರು ಕುದಿಯಲು ತಡವಾಗುತ್ತಿರಲಿಲ್ಲ.

ಆದರೆ ಆ ಅಡಿಗೆಯ ಸಾಮಾನನ್ನು ಗಾಡಿಯಲ್ಲಿ ಎಲ್ಲಿಡಬೇಕೆಂಬುದು ಬಲ್ಲವರಿಗೇ ತಿಳಿದ ವಿದ್ಯೆ. ಎರಡು ಗಾಲಿಯ ಗಾಡಿಯ ಗುಟ್ಟು ಅಚ್ಚಿನಲ್ಲಿದೆ. ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಅದುಮುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಗಂಟಲನ್ನು ಬಿಗಿಯುತ್ತದೆ. ರಾಗಿಮೂಟೆ ಅಚ್ಚಿನ ನೇರದಲ್ಲಿ ಕೂರುತ್ತಿದ್ದುದು ಇದಕ್ಕಾಗಿಯೇ.

1866ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಚಾರ್ಲ್ಸ್ ಗುಡ್‌ನೈಟನೆಂಬ ದನಗಾರನು ಸೈನ್ಯದ ಹಳೆಯ ಬಂಡಿಯೊಂದರ ಹಿಂಬದಿಗೆ ಅರೆಗಳುಳ್ಳ ಮರದ ಪೆಟ್ಟಿಗೆ ಕೂಡಿಸಿದನು. ಅದರ ಮುಚ್ಚಳವನ್ನು ಕೆಳಗಿಳಿಸಿದರೆ ಅದೇ ಮೇಜು! ಅವನ ಬಂಡಿಗೆ ನಾಲ್ಕು ಗಾಲಿಗಳಿದ್ದುದರಿಂದ ನಮ್ಮ ಗಾಡಿಕಾರನ ಚಿಂತೆ ಅವನಿಗಿರಲಿಲ್ಲ. 1930ರ ದಶಕದಲ್ಲಿ ಕಾರಿನ ಹಿಂದೆ ಎಳೆಯುವ ಎರಡು ಗಾಲಿಯ ಬಿಡಾರ ಟ್ರೈಲರುಗಳು ಅದೇ ಅಡಿಗೆಮನೆಯನ್ನು ಬೆನ್ನಿಗೆ ಕಟ್ಟಿಕೊಂಡಾಗ ಹಳೆಯ ಹಿಂಭಾರದ ಪ್ರಶ್ನೆ ಮತ್ತೆ ಎದ್ದಿತು. ಇಲ್ಲಿ ನೊಗವಿಲ್ಲ, ಕಾರಿನ ಕೊಂಡಿಯಿದೆ, ಅಷ್ಟೇ ವ್ಯತ್ಯಾಸ.

ಒಂದು ಲೆಕ್ಕವನ್ನು ನೋಡಬಹುದು. 400 ಕೆ.ಜಿ. ತೂಕದ ಟ್ರೈಲರು ಕೊಂಡಿಯ ಮೇಲೆ 45 ಕೆ.ಜಿ. ಊರುತ್ತದೆಂದು ಇಟ್ಟುಕೊಳ್ಳೋಣ. ಒಟ್ಟು ಭಾರದ ನೂರಕ್ಕೆ 10ರಿಂದ 15 ಪಾಲು ಅಲ್ಲಿರಬೇಕೆಂಬುದು ಅಮೆರಿಕದ ವಾಡಿಕೆ. ಮನೆಯ ತುಂಬಿದ ಅನಿಲ ಸಿಲಿಂಡರು ಸುಮಾರು 30 ಕೆ.ಜಿ.; 20 ಲೀಟರ್ ನೀರು 20 ಕೆ.ಜಿ.; ಒಲೆ ಪಾತ್ರೆಗಳು ಇನ್ನೊಂದು 10 ಕೆ.ಜಿ. ಈ 60 ಕೆ.ಜಿ.ಯನ್ನು ಅಚ್ಚಿಗಿಂತ 4 ಅಡಿ ಹಿಂದಿಟ್ಟು, ಕೊಂಡಿಯು ಅಚ್ಚಿಗಿಂತ 8 ಅಡಿ ಮುಂದಿದ್ದರೆ, ಕೊಂಡಿಯ ಭಾರ 30 ಕೆ.ಜಿ. ಇಳಿದು ಬರಿಯ 15 ಉಳಿಯುತ್ತದೆ. ಅಂಥ ಟ್ರೈಲರು ವೇಗದಲ್ಲಿ ಹಾವಿನಂತೆ ಹೊಯ್ದಾಡಿ ಕಾರನ್ನೇ ಓಲಾಡಿಸುತ್ತದೆ. ಒಳಗೆ ಮಕ್ಕಳು ಕುಳಿತಿರುತ್ತಾರೆ. ಒಲೆ ಹಿಂದಿರಲಿ, ನೀರೂ ಸಿಲಿಂಡರೂ ಅಚ್ಚಿನ ಮುಂದಕ್ಕೆ ಹೋಗಲಿ ಎಂದು ಬಲ್ಲವರು ಹೇಳುವುದು ಸುಮ್ಮನೆಯಲ್ಲ.

ಪೆಟ್ಟಿಗೆಯನ್ನು ತಗಡಿನ ಮೈಗೆ ಮೊಳೆ ಹೊಡೆದು ನಿಲ್ಲಿಸಿದರೆ ಹಳ್ಳದ ರಸ್ತೆಯಲ್ಲಿ ನಾಲ್ಕು ದಿನ ಬಾಳದು. ಅದು ಅಡಿಯ ಕಬ್ಬಿಣದ ಚೌಕಟ್ಟಿಗೇ ಬೋಲ್ಟಿನಿಂದ ಕೂಡಬೇಕು.

ತಂಗಿದೆಡೆಯಲ್ಲಿ ಎತ್ತುಗಳ ಕೊರಳು ಬಿಚ್ಚುವಾಗ ಗಾಡಿಯ ಹಿಂಬದಿ ನೆಲ ಕಚ್ಚದಂತೆ ಆನುಗೋಲು ಕೊಡುವುದುಂಟು. ಕಾರಿನಿಂದ ಕಳಚಿದ ಟ್ರೈಲರಿಗೂ, ಒಲೆಯ ಅರೆಯನ್ನು ಎಳೆಯುವ ಮೊದಲೇ, ಹಿಂದೆ ಎರಡು ಕಾಲು ಊರಬೇಕು. ಅಡಿಗೆಯ ಅನಿಲ ಗಾಳಿಗಿಂತ ಭಾರ; ಸೋರಿದರೆ ತಳದಲ್ಲಿ ನಿಲ್ಲುತ್ತದೆ. ಆದುದರಿಂದ ಸಿಲಿಂಡರಿನ ಗೂಡಿಗೆ ಗಾಳಿಕಂಡಿಯನ್ನು ತಳದಲ್ಲಿಯೇ ಕೊರೆಯತಕ್ಕದ್ದು.